ಮಕ್ಕಳ ಹೆಸರು ಕೇಳುವುದೇ ಅವರ ಕೆಲಸ

ಎಲ್ಲರಿಗೂ ನಮಸ್ಕಾರ ರೀ. ಟೈಪ್ ಮಾಡುವಷ್ಟು ತಾಳ್ಮೆ ಇಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ರೊಟ್ಟಿ ಬಡಿಯುತ್ತಾ ಕೇಳಿ.

ಮಲ್ಲು ಕಾಕಾ, ಮುಂಜಾನೆ ನೀವು ಹಾಕಿದ ಫೋಟೊ ನೋಡಿದೆ. ತಾಳಿಕೋಟಿ ರಸ್ತೆಯ ಬಸ್ ಸ್ಟಾಪಿನಲ್ಲಿ ಕೂತ ಇಬ್ಬರು ಗಂಡಸರು, ಒಬ್ಬ ಹೆಣ್ಣುಮಗಳು. ಕೆಳಗೆ ‘ಮಕ್ಕಳ ಕಳ್ಳರ ಗ್ಯಾಂಗ್, ಮನೆಮನೆಗೆ ಬಂದು ಮಕ್ಕಳ ಹೆಸರು ಕೇಳುತ್ತಿದ್ದಾರೆ, ಎಲ್ಲರಿಗೂ ಕಳಿಸಿ’ ಅಂತ ಬರೆದಿದೆ. ನೀವು ಬರೆದದ್ದಲ್ಲ, ಯಾರೋ ಕಳಿಸಿದ್ದನ್ನು ದಾಟಿಸಿದ್ದೀರಿ, ಗೊತ್ತು. ಆಮೇಲೆ ವೈನಿ ‘ಮುಖ ನೋಡಿದರೇ ಗೊತ್ತಾಗುತ್ತದೆ’ ಅಂದರು. ನಮ್ಮ ಸಂಗು ‘ಸಿಕ್ಕರೆ ಬಿಡಬಾರದು’ ಅಂದ.

ಆ ಫೋಟೊ ಒಮ್ಮೆ ದೊಡ್ಡದು ಮಾಡಿ ನೋಡಿ. ಬಲಗಡೆ ಕೂತವರ ತೊಡೆಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಗಂಟಿದೆ. ಅದು ಹೊತ್ತಿಗೆ. ಅವರು ನಮ್ಮ ಹೆಳವರು! ಹೋದ ಸಲ ಸುಗ್ಗಿ ಮುಗಿದ ಮೇಲೆ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಓದಿದವರು ಇವರೇ. ನೀವು ಜಾಸ್ತಿ ಗೋವಾದಲ್ಲೇ ಇದ್ದವರು ಕಾಕಾ, ಗುರುತು ಸಿಕ್ಕಿರಲಿಕ್ಕಿಲ್ಲ.

ಸಣ್ಣ ಹುಡುಗರಿಗೂ ಗೊತ್ತಿರಲಿಕ್ಕಿಲ್ಲ. ಹೆಳವರು ಅಂದರೆ ನಮ್ಮ ವಂಶಾವಳಿ ಇಟ್ಟುಕೊಂಡವರು. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆತನ ಅಂತ ಇರುತ್ತದೆ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು. ಈಗ ಬಸ್ಸಿನಲ್ಲಿ, ಬೈಕಿನಲ್ಲಿ ಬರುತ್ತಾರೆ. ಎತ್ತು ಹೋಯಿತು, ಅದರ ಜೊತೆ ಗುರುತೂ ಹೋಯಿತು. ಮೂಲಪುರುಷ ಯಾರು, ಬೆಡಗು (ಅಂದರೆ ಕುಲ) ಯಾವುದು, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ರಾಗವಾಗಿ ಹೇಳುತ್ತಾರೆ. ನಡುವೆ ಉಸಿರು ತೆಗೆದುಕೊಳ್ಳುತ್ತಾರೋ ಇಲ್ಲವೋ ಅನಿಸುತ್ತದೆ. ಎಲ್ಲ ಮುಗಿದ ಮೇಲೆ ಪೆನ್ನು ತೆಗೆದು, ‘ಹ್ವಾದ ಸಲ ಬಂದ್ ಹ್ವಾದಮ್ಯಾಲ ಮನ್ಯಾಗ ಎಷ್ಟು ಮಕ್ಕಳಾದುವ್ರಿ? ಹೆಸರೇನಿಟ್ಟೀರಿ?’ ಅಂತ ಕೇಳುತ್ತಾರೆ. ಮಕ್ಕಳ ಹೆಸರು ಕೇಳದಿದ್ದರೆ ಹೊತ್ತಿಗೆಯಲ್ಲಿ ಏನು ಬರೆಯಬೇಕು ಅವರು?

ಹೊಲದ ವಾಟ್ನಿ, ಅಂದರೆ ಪಾಲು ಆಗುವಾಗ ಮುತ್ತಜ್ಜನಿಗೆ ಇಬ್ಬರು ಹೆಂಡಂದಿರು ಅನ್ನುವುದು ಹೊರಬಿದ್ದದ್ದೂ ಆ ಹೊತ್ತಿಗೆಯಿಂದಲೇ. ಅವತ್ತು ಯಾರ ಮುಖ ಹೇಗಾಗಿತ್ತು ಅಂತ ಗ್ರೂಪಿನಲ್ಲಿ ಹೇಳುವುದಿಲ್ಲ. ನಮ್ಮ ಹೊತ್ತಿಗೆಯಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲ, ಅದಕ್ಕೆ ನಾನೇ ಅವರ ಜೊತೆ ಜಗಳ ಆಡಿದ್ದೇನೆ. ಅದು ಬೇರೆ ಮಾತು.

ವೈನಿ, ಬೇಜಾರು ಮಾಡಿಕೊಳ್ಳಬೇಡಿ. ಮುಖ ನೋಡಿ ಏನು ಗೊತ್ತಾಯಿತು? ಬಿಸಿಲಿಗೆ ಸುಟ್ಟ ಮೈ, ಮಾಸಿದ ಧೋತರ, ಹೆಗಲ ಮೇಲೆ ಕಂಬಳಿ, ಜೋಳಿಗೆ. ನಮ್ಮ ಅಜ್ಜ ಹೊಲದಿಂದ ಬರುವಾಗ ಹೀಗೇ ಇರುತ್ತಿದ್ದರು. ಮೊನ್ನೆ ಟ್ಯೂಷನ್ ಆ್ಯಪ್ ಮಾರಲು ಒಬ್ಬ ಹುಡುಗ ಬಂದಿದ್ದ. ಇಸ್ತ್ರಿ ಅಂಗಿ, ಕೊರಳಲ್ಲಿ ಕಾರ್ಡು. ಅವನಿಗೆ ಮಕ್ಕಳ ಹೆಸರು, ವಯಸ್ಸು, ಯಾವ ಶಾಲೆ, ಎಷ್ಟಕ್ಕೆ ಬಿಡುತ್ತದೆ, ಇಬ್ಬರ ಮೊಬೈಲ್ ನಂಬರ್, ಎಲ್ಲ ಕೊಟ್ಟಿರಿ. ಚಹಾನೂ ಕೊಟ್ಟಿರಿ. ಅವತ್ತು ನಾನು ನಿಮ್ಮಲ್ಲೇ ಇದ್ದೆ, ಆ ಚಹಾ ಮಾಡಿದ್ದೇ ನಾನು.

ಕಾಕಾ, ಗೋವಾದ ವಾಸ್ಕೋದಲ್ಲಿ ‘ಘಾಟಿ ಮಂದಿ’, ಅಂದರೆ ಘಟ್ಟದ ಮೇಲಿನವರು ಅಂತ ನಿಮಗೆ ಬಾಡಿಗೆ ಮನೆ ಕೊಡಲಿಲ್ಲ. ಓಣಿಯಲ್ಲಿ ಏನು ಕಳುವಾದರೂ ಮೊದಲು ನಿಮ್ಮ ಚಾಳಿಗೇ ಬರುತ್ತಿದ್ದರು. ಮದುವೆ ಮನೆಯಲ್ಲೆಲ್ಲ ಇದನ್ನು ಹೇಳಿ ನಗಿಸುತ್ತೀರಿ. ಆದರೆ ಆ ಮನೆ ಮಾಲೀಕನ ಹೆಸರು ಇವತ್ತಿಗೂ ಮರೆತಿಲ್ಲ ನೀವು, ಅಲ್ವಾ?

ಸಂಗು, ನೀನು ಸುಮ್ನೆ ಅಂದಿದ್ದೀ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲೂ ಸುಮ್ನೆ ಅಂದವರೇ ಶುರು ಮಾಡಿರಬೇಕು. ಸಂತೆಯ ದಿನ, ಇಂಥದ್ದೇ ಸುದ್ದಿ ನಂಬಿ ಐದು ಜನರನ್ನು ಪಂಚಾಯ್ತಿ ಆಫೀಸಿನ ಕೋಣೆಯಲ್ಲಿ ಹೊಡೆದು ಕೊಂದರು. ಸತ್ತವರು ಗೋಸಾವಿಗಳು, ಊರೂರು ತಿರುಗಿ ಬೇಡಿ ಉಣ್ಣುವವರು. ಎಲ್ಲಿಯವರು ಗೊತ್ತಾ? ಹೆಚ್ಚಿನವರು ಮಂಗಳವೇಢೆ ತಾಲೂಕಿನವರು. ನಮ್ಮ ಚಡಚಣ ದಾಟಿದರೆ ಅದೇ. ಅದೇ ತಿಂಗಳು ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್ ಜೀವ ಹೋಯಿತು. ಜೊತೆಗಿದ್ದವರು ಮಕ್ಕಳಿಗೆ ಚಾಕ್ಲೇಟ್ ಕೊಟ್ಟಿದ್ದರು, ಅಷ್ಟೇ. ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ವಾಟ್ಸಾಪ್ ನಮ್ಮ ದೇಶದಲ್ಲಿ ಮಿತಿ ಹಾಕಿದ್ದು ಆಗಲೇ. 2022ರ ಸೆಪ್ಟೆಂಬರಿನಲ್ಲಿ ನಮ್ಮ ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳನ್ನು ಮಹಾರಾಷ್ಟ್ರದ ಜತ್ತ ತಾಲೂಕಿನ ಲವಂಗಾದಲ್ಲಿ ಬಡಿದರು. ಒಬ್ಬ ಹುಡುಗನ ಹತ್ತಿರ ದಾರಿ ಕೇಳಿದ್ದರು ಪಾಪ.

ತಿರುಗುವ ಮಂದಿ ಅಂದರೆ ಕಳ್ಳರು ಅನ್ನುವುದು ಇವತ್ತಿನದಲ್ಲ. ಬ್ರಿಟಿಷರು 1871ರಲ್ಲಿ ಕಾನೂನೇ ಮಾಡಿ, ಎಷ್ಟೋ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿದರು. ಅವರನ್ನು ಕೂಡಿ ಹಾಕಿ ಹಾಜರಿ ತೆಗೆದುಕೊಳ್ಳುವ ಸೆಟ್ಲಮೆಂಟ್ ಹುಬ್ಬಳ್ಳಿಯಲ್ಲಿತ್ತು, ನಮ್ಮ ವಿಜಯಪುರದಲ್ಲೂ ಇತ್ತು. 1952ರಲ್ಲಿ ಸರ್ಕಾರ ಆ ಪಟ್ಟಿ ರದ್ದು ಮಾಡಿತು. ನಮ್ಮ ತಲೆಯೊಳಗಿನ ಪಟ್ಟಿ ಮಾತ್ರ ಹಾಗೇ ಇದೆ ನೋಡಿ.

ಹಾಗಾದರೆ ಮಕ್ಕಳ ಬಗ್ಗೆ ಎಚ್ಚರ ಬೇಡವಾ ಅಂತ ಅತ್ತಿ ಕೇಳಿದ್ದಾರೆ. ಬೇಕು ಅತ್ತಿ. ಯಾರ ಮೇಲಾದರೂ ಅನುಮಾನ ಬಂದರೆ ಅವರ ಹತ್ತಿರವೇ ಹೋಗಿ ಯಾವ ಊರು, ಏನು ಕೆಲಸ ಅಂತ ಕೇಳಿ. ಮಾತು ಕೂಡಲಿಲ್ಲ ಅಂದರೆ 112ಕ್ಕೆ ಫೋನ್ ಮಾಡಿ. ಫೋಟೊ ತೆಗೆದವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಮಾತಾಡಿಸಿದ್ದರೆ ಅವರ ಮನೆತನದ ಹೆಸರೂ ಆ ಗಂಟಿನಲ್ಲಿ ಸಿಗುತ್ತಿತ್ತೋ ಏನೋ.

ಈಗ ಕೆಲಸ. ಕಾಕಾ, ಆ ಫೋಟೊ ಒತ್ತಿ ಹಿಡಿದು ಎಲ್ಲರಿಗೂ ಡಿಲೀಟ್ ಆಗುವ ಹಾಗೆ ತೆಗೆಯಿರಿ. ಇವತ್ತೇ ಮಾಡಿ, ಎರಡು ಮೂರು ದಿನ ಆದರೆ ಆಮೇಲೆ ತೆಗೆಯಲು ಬರುವುದಿಲ್ಲ. ಬೇರೆ ಗ್ರೂಪಿಗೂ ಹಾಕಿದ್ದರೆ ಅಲ್ಲೂ ತೆಗೆಯಿರಿ. ನಿಮಗೆ ಕಳಿಸಿದವರಿಗೆ ಫೋನ್ ಮಾಡಿ ಇವರು ಹೆಳವರು ಅಂತ ಹೇಳಿ. ಮೆಸೇಜ್ ಬೇಡ, ಫೋನೇ ಮಾಡಿ.

ಸಂಗು, ನೀನು ಊರಲ್ಲೇ ಇದ್ದೀಯಲ್ಲ, ಬೈಕ್ ತೆಗೆದುಕೊಂಡು ಬಸ್ ಸ್ಟಾಪಿಗೆ ಹೋಗು. ಅವರು ಅಲ್ಲಿದ್ದರೆ ಮನೆಗೆ ಕರೆದುಕೊಂಡು ಬಾ, ಒಬ್ಬರೇ ತಿರುಗುವುದು ಇವತ್ತು ಬೇಡ. ಅಪ್ಪ ಒಂದು ಚೀಲ ಜೋಳ ತೆಗೆದಿಟ್ಟಿದ್ದಾರೆ. ನಿನ್ನ ಮಗನ ಹೆಸರು ಹೇಗೂ ಬರೆದುಕೊಳ್ಳುತ್ತಾರೆ, ಮಗಳದ್ದೂ ಬರೆಸು. ಆಗುವುದಿಲ್ಲ ಅಂದರೆ ನನಗೆ ಫೋನ್ ಹಚ್ಚಿ ಅವರ ಕೈಗೆ ಕೊಡು.