ಫ್ಲೋರೈಡ್ ನೀರು: ತೋಟಕ್ಕೆ ಎಷ್ಟು ಕೇಡು, ಕೊಟ್ಟಿಗೆಗೆ ಎಷ್ಟು?

ಶಿಡ್ಲಘಟ್ಟದ ರೈತ:
ನಮ್ಮ ತೋಟದ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಎಂದು ಬಂದಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ 1 ಮಿಲಿಗ್ರಾಂ, ಬೇರೆ ಗತಿಯಿಲ್ಲದಿದ್ದರೆ 1.5. ಆದ್ದರಿಂದ ಮನೆಗೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರುತ್ತೇವೆ. ತೋಟಕ್ಕೆ ಮಾತ್ರ ಬೋರ್‌ವೆಲ್ ನೀರೇ. ಈ ಸಲ ಟೊಮೆಟೊ ಎಲೆಗಳ ಅಂಚು ಸುಟ್ಟಂತೆ ಕಂದಿದೆ. ಹಿಪ್ಪುನೇರಳೆ ನೋಟಕ್ಕೆ ಚೆನ್ನಾಗಿಯೇ ಇದೆ, ಆದರೆ ಅದರ ಸೊಪ್ಪು ತಿನ್ನುವ ರೇಷ್ಮೆಹುಳುಗಳು ಒಟ್ಟಿಗೆ ಜ್ವರಕ್ಕೆ (ಪೊರೆ ಬಿಡುವ ಮುಂಚಿನ ನಿದ್ದೆಗೆ) ಕೂರುತ್ತಿಲ್ಲ. ಕೆಲವು ದಪ್ಪ, ಕೆಲವು ನೂಲಿನಂತೆ ಸಣ್ಣ. ಇದೆಲ್ಲ ಫ್ಲೋರೈಡಿನ ಕೆಲಸವೇ?

ಒರೆಗಾನ್ ಕನ್ನಡಿಗ:
ನಿಮ್ಮ ಅನುಮಾನದಲ್ಲಿ ಹುರುಳಿದೆ. ಅಮೆರಿಕದಲ್ಲಿ ಹಲ್ಲಿನ ಹುಳುಕು ತಡೆಯಲೆಂದು ಅನೇಕ ನಗರಗಳ ನೀರಿಗೆ 0.7 ಮಿಲಿಗ್ರಾಂ ಮಟ್ಟಕ್ಕೆ ಫ್ಲೋರೈಡ್ ಬೆರೆಸುತ್ತಾರೆ. ಆ ನೀರಿನಲ್ಲಿ ಜನ ಕುಡಿಯುವುದು ತೀರಾ ಸ್ವಲ್ಪ. ಉಳಿದದ್ದು ಹುಲ್ಲುಹಾಸಿಗೆ, ಚರಂಡಿಗೆ, ಕೊನೆಗೆ ನದಿಗೆ ಸೇರುತ್ತದೆ. ನಾನಿರುವ ಪೋರ್ಟ್‌ಲ್ಯಾಂಡಿನ ಮತದಾರರು 2013ರ ಮೇ ತಿಂಗಳಿನಲ್ಲಿ ಈ ಯೋಜನೆಯನ್ನು ತಿರಸ್ಕರಿಸಿದರು. ಇಲ್ಲಿನ ಕೊಲಂಬಿಯಾ ನದಿಯ ಜಾನ್ ಡೇ ಅಣೆಕಟ್ಟಿನ ಬಳಿ, ಮೊಟ್ಟೆಯಿಡಲು ಮೇಲ್ದಿಕ್ಕಿಗೆ ಈಜುವ ಸಾಲ್ಮನ್ ಮೀನುಗಳು ಅಣೆಕಟ್ಟು ದಾಟಲಾರದೆ ದಿನಗಟ್ಟಲೆ ತಡೆದು ನಿಲ್ಲುತ್ತಿದ್ದವು. 1980ರ ದಶಕದಲ್ಲಿ ಪರೀಕ್ಷಿಸಿದಾಗ, ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಅವುಗಳ ಚಲನೆ ಕೆಡುತ್ತದೆ ಎಂದು ಕಂಡುಬಂದಿತು. ಅರ್ಧ ಮಿಲಿಗ್ರಾಮಿಗೆ ಮೀನು ಹಿಂಜರಿಯುವುದಾದರೆ 2.4ಕ್ಕೆ ಗಿಡ ಸುಮ್ಮನಿದ್ದೀತೇ?

ಮಣ್ಣು ಪರೀಕ್ಷಕ:
ಎರಡು ಬೇರೆ ವಿಷಯಗಳು ಇಲ್ಲಿ ಬೆರೆತಿವೆ. ಜಾನ್ ಡೇ ಬಳಿಯ ಫ್ಲೋರೈಡ್ ಕುಡಿಯುವ ನೀರಿನದಲ್ಲ, ಪಕ್ಕದ ಅಲ್ಯೂಮಿನಿಯಂ ಕಾರ್ಖಾನೆಯ ತ್ಯಾಜ್ಯದ್ದು. ಅಲ್ಲದೆ, ಮೀನು ನೀರಿನಲ್ಲೇ ಮುಳುಗಿರುತ್ತದೆ; ಗಿಡಕ್ಕೂ ನೀರಿಗೂ ನಡುವೆ ಮಣ್ಣಿದೆ. ಫ್ಲೋರೈಡನ್ನು ಮಣ್ಣಿನ ಜೇಡಿ ಮತ್ತು ಸುಣ್ಣದ ಅಂಶ ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ದಕ್ಕುವುದು ಅಲ್ಪ. ನೀರಾವರಿಗೆ 1 ಮಿಲಿಗ್ರಾಂ ಮಿತಿಯನ್ನು ಸೂಚಿಸಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ, ತಟಸ್ಥ ಮತ್ತು ಕ್ಷಾರೀಯ ಮಣ್ಣಿನಲ್ಲಿ ಅದು ನಿಷ್ಕ್ರಿಯವಾಗುತ್ತದೆ ಎಂದೂ ಹೇಳಿದೆ. ಹುಳಿ ಮಣ್ಣಿನಲ್ಲಾದರೆ ಅದು ಅಲ್ಯೂಮಿನಿಯಂ ಜೊತೆಗೂಡಿ ಬೇರಿಗೆ ಏರುತ್ತದೆ. ಚಹಾ ಗಿಡದ ಹಳೆಯ ಎಲೆಗಳಲ್ಲಿ ಫ್ಲೋರೈಡ್ ರಾಶಿಯಾಗುವುದು ಹಾಗೆಯೇ.

ಲೆಕ್ಕ ಹಾಕಿ ನೋಡೋಣ. ಒಂದು ಎಕರೆ ಟೊಮೆಟೊಗೆ ಒಟ್ಟು 20 ಲಕ್ಷ ಲೀಟರ್ ನೀರು ಹಾಯಿಸಿದರೂ ಮಣ್ಣಿಗೆ ಸೇರುವ ಫ್ಲೋರೈಡ್ ಐದು ಕಿಲೋಗಿಂತ ಕಡಿಮೆ. ಸಾಮಾನ್ಯ ಮಣ್ಣಿನಲ್ಲಿ ಕಿಲೋಗೆ ಸುಮಾರು 300 ಮಿಲಿಗ್ರಾಂ ಫ್ಲೋರೈಡ್ ಸಹಜವಾಗಿಯೇ ಇರುತ್ತದೆ ಎಂದುಕೊಂಡರೆ, ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನಲ್ಲೇ 250 ಕಿಲೋ ಇದೆ.

ಹಾಗಾದರೆ ಎಲೆಯಂಚು ಕಂದಿದ್ದೇಕೆ? ನಿಮ್ಮ ಭಾಗದ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದ ಫ್ಲೋರೈಡ್ ನೀರಿಗಿಳಿಯುವುದು ಹೆಚ್ಚಾಗಿ ಆ ನೀರಿನಲ್ಲಿ ಸೋಡಿಯಂ ಬೈಕಾರ್ಬನೇಟ್ ಜಾಸ್ತಿಯಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದಾಗ. ನನ್ನ ಗುಮಾನಿ ಸೋಡಿಯಂ ಮೇಲೆ. ಪರೀಕ್ಷಾ ವರದಿಯಲ್ಲಿ ಅದರ ಅಂಕಿಯೂ ಮಣ್ಣಿನ ರಸಸಾರವೂ (ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ) ಇದ್ದರೆ ತಿಳಿಸಿ. ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಹಾಕಬೇಕು. ಅದರ ಕ್ಯಾಲ್ಸಿಯಂ ಫ್ಲೋರೈಡನ್ನೂ ಕಟ್ಟಿಹಾಕುತ್ತದೆ.

ಒರೆಗಾನ್ ಕನ್ನಡಿಗ:
ಫ್ಲೋರೈಡಿನ ಮೂಲ ಕಾರ್ಖಾನೆ ಎಂಬುದನ್ನು ಒಪ್ಪುತ್ತೇನೆ, ಅದನ್ನು ಮೊದಲೇ ಹೇಳಬೇಕಿತ್ತು. ಆದರೆ ಫ್ಲೋರೈಡ್ ಎಲ್ಲಿಂದ ಬಂತೆಂದು ಮೀನು ವಿಚಾರಿಸುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಿರುವ ಮೆದು ನೀರಿನಲ್ಲಿ ಅದರ ವಿಷಗುಣ ಹೆಚ್ಚು, ಹಿಮ ಕರಗಿ ಹರಿಯುವ ನಮ್ಮ ಅನೇಕ ನದಿಗಳ ನೀರು ಅಂಥದ್ದೇ. ಜಲಚರಗಳ ರಕ್ಷಣೆಗೆಂದು ಕೆನಡಾ ಇಟ್ಟಿರುವ ಮಿತಿ ಬರೀ 0.12 ಮಿಲಿಗ್ರಾಂ. ಇನ್ನು ನಿಮ್ಮ ಐದು ಕಿಲೋ ಒಂದು ಬೆಳೆಗೆ. ಇಪ್ಪತ್ತು ಬೆಳೆಗಳ ನಂತರ ಅದು ನೂರು ಕಿಲೋ.

ಮಣ್ಣು ಪರೀಕ್ಷಕ:
ನೂರು ಕಿಲೋ ಎಂಬುದು ನ್ಯಾಯವಾದ ಆಕ್ಷೇಪ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಶೇಕಡಾ ಒಂದಕ್ಕಿಂತ ಹೆಚ್ಚು ಫ್ಲೋರೈಡ್ ಇರುವುದರಿಂದ ಮೂರು ಮೂಟೆ ಹಾಕುವವರು ಅದನ್ನೂ ಸೇರಿಸಿಕೊಳ್ಳಬೇಕು. ಹನಿ ನೀರಾವರಿ ಇದ್ದರೆ ನೀರಿನ ಪಾಲು ಇಳಿಯುತ್ತದೆ. ಸೊಪ್ಪು ಬೆಳೆಯುವವರು ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ಒಳಹೋದದ್ದು ಕಾಳಿಗಿಂತ ಎಲೆಯಲ್ಲೇ ಹೆಚ್ಚು ನಿಲ್ಲುತ್ತದೆ. ಮಣ್ಣಿನ ಕಾವಲಿಲ್ಲದ ಕಡೆ ನನ್ನ ವಾದ ನಡೆಯುವುದಿಲ್ಲ: ಕೊಯ್ದ ಜರ್ಬೆರಾ, ಗ್ಲೇಡಿಯೋಲಸ್ ಹೂಗಳನ್ನು 1 ಮಿಲಿಗ್ರಾಂ ಫ್ಲೋರೈಡಿನ ನೀರಿನಲ್ಲಿ ಇಟ್ಟರೂ ಅವು ಬೇಗ ಬಾಡುತ್ತವೆ.

ನಿವೃತ್ತ ರೇಷ್ಮೆ ವಿಸ್ತರಣಾಧಿಕಾರಿ:
ಹುಳುವಿನ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ. ರೇಷ್ಮೆಹುಳುವಿನಷ್ಟು ಫ್ಲೋರೈಡಿಗೆ ಹೆದರುವ ಸಾಕುಪ್ರಾಣಿ ಇನ್ನೊಂದಿಲ್ಲ ಎಂದರೂ ತಪ್ಪಾಗದು. ಒಣಗಿಸಿದ ಸೊಪ್ಪಿನಲ್ಲಿ ಕಿಲೋಗೆ 30 ಮಿಲಿಗ್ರಾಂ ದಾಟಿದರೆ ಅಪಾಯವೆಂದು ಚೀನಾದಲ್ಲಿ ಲೆಕ್ಕವಿಟ್ಟಿದ್ದಾರೆ. ಹುಳುಗಳು ಏರುಪೇರಾಗಿ ಬೆಳೆಯುತ್ತವೆ, ಜ್ವರದಿಂದ ಏಳಲಾರವು, ಮೈಯ ಗೆಣ್ಣುಗಳಲ್ಲಿ ಕಪ್ಪು ಉಂಗುರ ಕಾಣಿಸುತ್ತದೆ. ಆದರೆ ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ 1982ರಲ್ಲಿ ಬೆಳೆ ನೆಲಕಚ್ಚಿದ್ದು ನೀರಾವರಿಯಿಂದಲ್ಲ, ಇಟ್ಟಿಗೆ ಸುಡುವ ಗೂಡುಗಳ ಹೊಗೆಯಿಂದ. ಸುಟ್ಟ ಜೇಡಿಮಣ್ಣಿನಿಂದ ಹೊರಟ ಹೈಡ್ರೋಜನ್ ಫ್ಲೋರೈಡ್ ಅನಿಲ ಎಲೆಯ ರಂಧ್ರಗಳ ಮೂಲಕ ನೇರವಾಗಿ ಒಳಹೋಗುತ್ತದೆ. ಅದನ್ನು ತಡೆಯಲು ಮಣ್ಣು ನಡುವೆ ಇರುವುದಿಲ್ಲ. ರೇಷ್ಮೆಯದೂ ಗೂಡು, ಇಟ್ಟಿಗೆಯದೂ ಗೂಡು. ಒಂದರ ಗಾಳಿ ಇನ್ನೊಂದಕ್ಕೆ ಆಗುವುದಿಲ್ಲ. ತಮ್ಮ ತೋಟದ ಹತ್ತಿರ ಅಂಥದ್ದೇನಾದರೂ ಇದೆಯೇ? ಕಪ್ಪು ಉಂಗುರ ಕಂಡಿರೇ?

ಶಿಡ್ಲಘಟ್ಟದ ರೈತ:
ಉಂಗುರ ಕಾಣಲಿಲ್ಲ ಸರ್. ಇಟ್ಟಿಗೆ ಗೂಡು ಮಾಲೂರಿನ ಕಡೆ ಇರುವಷ್ಟು ನಮ್ಮಲ್ಲಿಲ್ಲ, ಆದರೆ ಮುಕ್ಕಾಲು ಮೈಲಿ ದೂರದಲ್ಲಿ ಒಂದಿದೆ, ಬೇಸಿಗೆಯಲ್ಲಿ ಉರಿಯುತ್ತದೆ. ಆ ದಿಕ್ಕಿನ ಸಾಲುಗಳ ಸೊಪ್ಪನ್ನೇ ಈ ಸಲ ಚಾಕಿ (ಎಳೆಯ) ಹುಳುಗಳಿಗೆ ಹಾಕಿದ್ದೆವು. ವರದಿಯಲ್ಲಿ ಸೋಡಿಯಂ ಲೀಟರಿಗೆ 310 ಮಿಲಿಗ್ರಾಂ ಎಂದಿದೆ. ಮಣ್ಣಿನ ಪರೀಕ್ಷೆ ಮಾಡಿಸಿಲ್ಲ.

ಮಣ್ಣು ಪರೀಕ್ಷಕ:
310 ಎಂದರೆ ಟೊಮೆಟೊದ ವಿಷಯದಲ್ಲಿ ನನಗೆ ಬೇರೆ ಆರೋಪಿ ಬೇಡ. ಸೊಪ್ಪನ್ನು ಎರಡು ಭಾಗ ಮಾಡಿ ಪರೀಕ್ಷೆಗೆ ಕಳುಹಿಸಿ: ಗೂಡಿನ ಕಡೆಯದು ಬೇರೆ, ಆಚೆ ಬದಿಯದು ಬೇರೆ. ಎರಡಕ್ಕೂ ನೀರು ಒಂದೇ ಆದ್ದರಿಂದ, ವ್ಯತ್ಯಾಸ ಬಂದರೆ ಅದು ಗಾಳಿಯದು.

ಪಶುವೈದ್ಯ:
ಎಲೆಯ ಅಂಚನ್ನು ನೋಡಿದಿರಿ, ದನದ ಬಾಯಿ ತೆರೆದು ನೋಡಿದ್ದೀರಾ? 1937ರಲ್ಲಿ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಹೆಚ್ಚಾಗಿ ಹಲ್ಲು-ಮೂಳೆ ಕೆಡುವ ರೋಗ, ನಮ್ಮ ದೇಶದ ಜನರಲ್ಲಿ ಮೊದಲು ದಾಖಲಾಯಿತು. ಅದಕ್ಕೂ ಮುಂಚೆಯೇ ಅಲ್ಲಿನ ರೈತರು ಕೀಲು ಬಿಗಿದು ನಡೆಯಲಾರದ ಎತ್ತುಗಳನ್ನು ಗಮನಿಸಿದ್ದರೆಂದು ಹೇಳುತ್ತಾರೆ. ಹಾಲು ಕರೆಯುವ ಹಸು ದಿನಕ್ಕೆ 50 ಲೀಟರಿಗೂ ಮೇಲೆ ನೀರು ಕುಡಿಯುತ್ತದೆ. ಜಾನುವಾರುಗಳ ನೀರಿಗೆ ಆಸ್ಟ್ರೇಲಿಯಾ ಇಟ್ಟಿರುವ ಮಾರ್ಗದರ್ಶಿ ಮಟ್ಟ 2 ಮಿಲಿಗ್ರಾಂ. ನಿಮ್ಮ 2.4 ಅದರ ಆಸುಪಾಸಿನಲ್ಲಿದೆ, ಗಾಬರಿಯಾಗುವಷ್ಟಲ್ಲ. ನನ್ನ ಪ್ರಶ್ನೆ ಬೇರೆ: ಊರಿನ ಶುದ್ಧ ನೀರಿನ ಘಟಕ ಬೇಡವೆಂದು ಹೊರಬಿಡುವ ನೀರು ಎಲ್ಲಿಗೆ ಹೋಗುತ್ತದೆ?

ಶಿಡ್ಲಘಟ್ಟದ ರೈತ:
ಪೋಲಾಗಬಾರದೆಂದು ಅದಕ್ಕೊಂದು ಪೈಪು ಹಾಕಿ ದನಗಳ ತೊಟ್ಟಿಗೆ ಬಿಟ್ಟಿದ್ದಾರೆ ಡಾಕ್ಟರೇ. ಸಂಜೆ ಮೇಯಿಸಿಕೊಂಡು ಬರುವಾಗ ಊರಿನ ದನಗಳೆಲ್ಲ ಅಲ್ಲೇ ನೀರು ಕುಡಿಯುತ್ತವೆ.

ಪಶುವೈದ್ಯ:
ನಾನು ಹೆದರಿದ್ದು ಇದಕ್ಕೇ. ಘಟಕವು ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೇ. ಅದಕ್ಕೂ ನಿಮ್ಮ ಬೋರ್‌ವೆಲ್ಲಿನಂಥದೇ ನೀರು ಬರುತ್ತಿದ್ದು, ಅರ್ಧ ಶುದ್ಧವಾಗಿ ಅರ್ಧ ಹೊರಹೋಗುತ್ತಿದ್ದರೆ, ತೊಟ್ಟಿಗೆ ಬೀಳುವ ನೀರಿನಲ್ಲಿ ಫ್ಲೋರೈಡ್ ನಾಲ್ಕೂವರೆ ಮಿಲಿಗ್ರಾಮಿನ ಹತ್ತಿರ ಇರುತ್ತದೆ. ಮನುಷ್ಯರ ಕ್ಯಾನಿನಿಂದ ತೆಗೆದದ್ದನ್ನು ದನಗಳಿಗೆ ಕುಡಿಸಿದಂತಾಯಿತು. ಹೆಚ್ಚು ಕೆಡುವುದು ಕರುಗಳ ಶಾಶ್ವತ ಹಲ್ಲು; ಅವು ಒಸಡಿನೊಳಗೆ ಮೂಡುವ ವಯಸ್ಸಿನಲ್ಲಿ ಇಂಥ ನೀರು ಕುಡಿದರೆ ಮುಂದೆ ಹಲ್ಲು ಕಂದುಗಟ್ಟಿ ಸವೆಯುತ್ತದೆ, ಮೇವು ಜಗಿಯಲಾಗುವುದಿಲ್ಲ. ಹಾಲಿನ ಬಗ್ಗೆ ಹೆದರಬೇಡಿ, ಮೂಳೆಯೇ ಹೆಚ್ಚಿನದನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಾಲಿಗೆ ಇಳಿಯುವುದು ಅತ್ಯಲ್ಪ.

ಒರೆಗಾನ್ ಕನ್ನಡಿಗ:
ನಾನು 0.7ರ ಬಗ್ಗೆ ಇಷ್ಟು ಹೊತ್ತು ವಾದಿಸುತ್ತಿದ್ದೆ. ಹಾಗಾದರೆ ಆ ತ್ಯಾಜ್ಯ ನೀರನ್ನು ಏನು ಮಾಡಬೇಕು? ಚರಂಡಿಗೆ ಬಿಟ್ಟರೂ ಅಲ್ಲೇ ಇಂಗಿ ಮತ್ತೆ ಅದೇ ಅಂತರ್ಜಲ ಸೇರುವುದಿಲ್ಲವೇ?

ಮಣ್ಣು ಪರೀಕ್ಷಕ:
ಬಹುಪಾಲು ಫ್ಲೋರೈಡನ್ನು ದಾರಿಯಲ್ಲಿ ಮಣ್ಣು ಹಿಡಿಯುತ್ತದೆ, ಸೋಡಿಯಂ ಮಾತ್ರ ಕೆಳಗಿಳಿಯುತ್ತದೆ. ಶೌಚಾಲಯ, ಪಾತ್ರೆ, ಬಟ್ಟೆಗೆ ಬಳಸಿದರೆ ಅಷ್ಟು ಸಿಹಿನೀರಾದರೂ ಉಳಿಯುತ್ತದೆ. ಪೂರ್ಣ ಪರಿಹಾರ ನನಗೆ ಗೊತ್ತಿಲ್ಲ.

ಶಿಡ್ಲಘಟ್ಟದ ರೈತ:
ಸೊಪ್ಪನ್ನು ಎರಡು ಚೀಲ ಮಾಡಿ ಸೋಮವಾರ ಕೊಡುತ್ತೇನೆ. ತೊಟ್ಟಿಯ ಮಾತನ್ನು ಪಂಚಾಯಿತಿಯಲ್ಲಿ ಎತ್ತಿದರೆ "ಇಷ್ಟು ದಿನ ಕುಡಿದಿವೆ, ಏನಾಯಿತು?" ಎನ್ನುತ್ತಾರೆ. ಅದಕ್ಕೇ ಬೆಳಿಗ್ಗೆ ನಮ್ಮ ಎರಡೂವರೆ ವರ್ಷದ ಕಡಸಿನ ಬಾಯಿ ಬಿಡಿಸಿ ನೋಡಿದೆ. ಮುಂದಿನ ಜೋಡಿ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೀರುಗಳಿವೆ. ಫೋಟೋ ತೆಗೆದಿದ್ದೇನೆ ಡಾಕ್ಟರೇ, ಇಲ್ಲಿ ಹಾಕಲೇ?

ಪಶುವೈದ್ಯ:
ಹಾಕಿ. ಅದೇ ತೊಟ್ಟಿಯಲ್ಲಿ ಕುಡಿಯುವ, ಅದೇ ವಯಸ್ಸಿನ ಇನ್ನೆರಡು ಮನೆಗಳ ಕಡಸುಗಳದ್ದೂ ತೆಗೆಯಿರಿ; ಒಂದೇ ಕಡಸನ್ನು ನೋಡಿ ನಾನು ಏನನ್ನೂ ಬರೆದುಕೊಡುವುದಿಲ್ಲ.