22 ವರ್ಷದ ಮೇಲೆ ಮತ್ತೆ ವೃಂದಗಾನ: ತುಟಿ ಮಾತ್ರ ಆಡಿಸ್ತಿದ್ದೀನಿ

ಪ್ರಶ್ನೆ: ನಮಸ್ತೆ ಮೇಡಂ. ನನಗೀಗ 53. ಮದುವೆಗೆ ಮುಂಚೆ ಭಾವಗೀತೆ ತಂಡದಲ್ಲಿ ಹಾಡ್ತಿದ್ದೆ, ಐದೂವರೆ ಮನೆ ಶ್ರುತಿ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಎತ್ತರದ ಆಧಾರ ಸ್ವರ). ಆಮೇಲೆ ಮಕ್ಕಳು, ವರ್ಗಾವಣೆ, ಅತ್ತೆಯವರ ಆರೈಕೆ ಅಂತ 22 ವರ್ಷ ಬಾಯಿಬಿಟ್ಟು ಹಾಡಲೇ ಇಲ್ಲ. ಈಗ ಬಡಾವಣೆಯ ಹೆಂಗಸರು ರಾಜ್ಯೋತ್ಸವಕ್ಕೆ ವೃಂದಗಾನ ಕಲೀತಿದ್ದಾರೆ, ನಾನೂ ಸೇರಿಕೊಂಡೆ. ಮೇಲಿನ ಷಡ್ಜ, ಅಂದರೆ ಮೇಲಿನ ‘ಸ’, ಹತ್ತಿರ ಬಂದಂಗೆ ಗಂಟಲು ಬಿಗಿದು ದನಿ ಒಡೆಯುತ್ತೆ. ಮೊದಲ ದಿನವೇ ಪಕ್ಕದವರು ತಿರುಗಿ ನೋಡಿದರು. ಅವತ್ತಿಂದ ಬರೀ ತುಟಿ ಆಡಿಸ್ತಿದ್ದೀನಿ. ಬಿಟ್ಟುಬಿಡಲಾ?

ಉತ್ತರ (ಸುಗಮ ಸಂಗೀತ ಶಿಕ್ಷಕಿ): ತಂಡ ಬಿಡಬೇಡಿ, ಐದೂವರೆ ಬಿಡಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾರ್ಮೋನು ಬದಲಾಗಿ ಎಷ್ಟೋ ಹೆಂಗಸರ ದನಿ ಕೆಳಗಿಳಿಯುತ್ತೆ. ಜೊತೆಗೆ ಇಷ್ಟು ವರ್ಷ ಕೆಲಸ ಕೊಡದ ಸ್ನಾಯುಗಳು. ನೀವು 30ರ ದನಿಯನ್ನ ಹುಡುಕ್ತಾ ಇದ್ದೀರಿ, ಅದು ಸಿಗದೆ ಇದ್ದಾಗ ಗಂಟಲು ಹಿಂಡ್ತೀರಿ. ಮನೆಯಲ್ಲಿ ಶ್ರುತಿಯನ್ನ ನಾಲ್ಕೂವರೆ ಮನೆಗೆ ಇಳಿಸಿ ಅದೇ ಹಾಡು ಹಾಡಿ ನೋಡಿ. ಮೇಲಿನ ಷಡ್ಜ ಸಲೀಸಾಗಿ ಸಿಕ್ಕರೆ ಕೆಟ್ಟಿದ್ದು ದನಿಯಲ್ಲ, ಶ್ರುತಿ.

ಅಭ್ಯಾಸಕ್ಕೆ ಮೊದಲು ಒಂದು ಸ್ಟ್ರಾ ತಗೊಳ್ಳಿ. ಲೋಟದಲ್ಲಿ ಎರಡು ಬೆರಳಷ್ಟು ನೀರು, ಸ್ಟ್ರಾ ತುದಿ ಅದರೊಳಗೆ. ಗುಳ್ಳೆ ಬರೋ ಹಾಗೆ ‘ಊ’ ಅನ್ನುತ್ತಾ ಸ್ವರ ನಿಧಾನವಾಗಿ ಏರಿಸಿ, ಇಳಿಸಿ. ಎರಡು ಮೂರು ನಿಮಿಷ ಸಾಕು. ಬಾಯಿಯಿಂದ ವಾಪಸ್ ಒತ್ತೋ ಗಾಳಿಯಿಂದಾಗಿ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯೋದು ಕಡಿಮೆಯಾಗುತ್ತೆ. ಆಮೇಲೆ ಮಂದ್ರದಲ್ಲಿ (ಕೆಳಗಿನ ಸ್ವರಗಳಲ್ಲಿ) ‘ಆ’ ಅಂತ ಎಳೆಯೋ ಆಕಾರ, ಸರಿಗಮದ ಮೊದಲ ಪಾಠವಾದ ಸರಳೆ ವರಸೆ, ಎಲ್ಲಾ ಸೇರಿ 15 ನಿಮಿಷ. ಕ್ಯಾಕರಿಸಿ ಗಂಟಲು ಸರಿಮಾಡ್ಕೊಳ್ಳೋ ಅಭ್ಯಾಸ ಇದ್ದರೆ ಅದರ ಬದಲು ಒಂದು ಗುಟುಕು ನೀರು ಕುಡಿಯಿರಿ.

ಪ್ರಶ್ನೆ ಕೇಳಿದವರು: ನನ್ನೊಬ್ಬಳಿಗೋಸ್ಕರ ಶ್ರುತಿ ಇಳಿಸಿ ಅಂತ ಹೇಗೆ ಕೇಳಲಿ ಮೇಡಂ?

ಉತ್ತರ: ಒಬ್ಬರಿಗೇ ಅಲ್ಲ, ನೋಡ್ತಿರಿ. ನನ್ನ ತಂಡದಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿದ್ದೇ ತಡ, ಆರು ಜನ ‘ಅಯ್ಯೋ, ನಮಗೂ ಅಷ್ಟೇ’ ಅಂದರು. ಒಪ್ಪದಿದ್ದರೆ ಆ ಎತ್ತರದ ಸಾಲು ಬಿಟ್ಟು ಉಸಿರು ತಗೊಳ್ಳಿ, ಮುಂದಿನ ಸಾಲಿಗೆ ಸೇರಿ. ವೃಂದಗಾನದಲ್ಲಿ ಯಾರೋ ಒಬ್ಬರು ಯಾವಾಗಲೂ ಉಸಿರು ತಗೊಳ್ತಾನೇ ಇರ್ತಾರೆ. ಆದರೆ ತುಟಿ ಮಾತ್ರ ಆಡಿಸಬೇಡಿ. ನಿಮ್ಮ ದನಿ ನಿಮಗೇ ಕೇಳದೆ ಇದ್ದರೆ ಅದರ ಮೇಲೆ ನಂಬಿಕೆ ಬರೋದಾದರೂ ಎಲ್ಲಿಂದ? ಎರಡನೇ ಸಾಲಲ್ಲಿ, ಶ್ರುತಿ ಗಟ್ಟಿ ಇರೋವರ ಪಕ್ಕ ನಿಂತು, ಒಂದು ಕಿವಿಯನ್ನ ಬೆರಳಿಂದ ಮೆಲ್ಲಗೆ ಮುಚ್ಚಿ ಹಾಡಿ. ಸ್ಪೀಕರ್ ಹತ್ತಿರ ನಿಂತರೆ ಗೊತ್ತಿಲ್ಲದೇ ಕಿರುಚ್ತೀರಿ.

ಪ್ರಶ್ನೆ ಕೇಳಿದವರು: ಇನ್ನೊಂದು. ನಾಡಗೀತೆ ನಾನು ಕಲಿತಿದ್ದು ಸಿ. ಅಶ್ವತ್ಥ್ ಅವರ ಧಾಟಿಯಲ್ಲಿ. ತಂಡ ಹಾಡೋದು ಮೈಸೂರು ಅನಂತಸ್ವಾಮಿ ಅವರದು. ನಡುವೆ ಹಳೇದಕ್ಕೆ ಜಾರಿಬಿಡ್ತೀನಿ.

ಉತ್ತರ: 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನೇ ಗೊತ್ತು ಮಾಡಿ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಅಂದಮೇಲೆ ಈ ಜಾರಾಟ ನಮ್ಮಲ್ಲೂ ಆಯ್ತು. ಇದು ದನಿಯ ದೋಷವಲ್ಲ, ನೆನಪು ತೀರಾ ಚೆನ್ನಾಗಿರೋದರ ದೋಷ! ವಾರವಿಡೀ ಹಾಡದೆ ಕೇಳಿ, ಆಮೇಲೆ ಸಾಹಿತ್ಯ ಬಿಟ್ಟು ಬರೀ ಗುನುಗಿ. ಸಾಹಿತ್ಯ ಬಂದ ಕೂಡಲೇ ಹಳೇ ಧಾಟಿ ಹಿಂದೆಯೇ ಬರುತ್ತೆ, ಅದಕ್ಕೆ.

ಇನ್ನೊಬ್ಬ ಓದುಗರು: ನನಗೆ ಥೈರಾಯ್ಡ್ ಆಪರೇಷನ್ ಆಗಿ ಎಂಟು ತಿಂಗಳು. ಹಾಡಿದರೆ ಬರೀ ಗಾಳಿ ಬರುತ್ತೆ. ಸ್ಟ್ರಾ ಅಭ್ಯಾಸ ಮಾಡಬಹುದಾ?

ಉತ್ತರ: ಈಗಲೇ ಬೇಡ ಸರ್. ಧ್ವನಿತಂತುಗಳನ್ನ ಆಡಿಸೋ ನರ ಥೈರಾಯ್ಡ್‌ಗೆ ಅಂಟಿಕೊಂಡಂತೆಯೇ ಹಾದುಹೋಗುತ್ತೆ, ಅದಕ್ಕೆ ಪೆಟ್ಟಾಗಿರಬಹುದು. ಮೊದಲು ಇಎನ್‌ಟಿ ವೈದ್ಯರು ಒಳಗೆ ನೋಡಿ ಹೇಳಬೇಕು, ಸಂಗೀತದ ಮೇಷ್ಟ್ರಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದನಿಯ ತೊಂದರೆಗೆ ಅಲ್ಲಿ ಚಿಕಿತ್ಸೆ ಸಿಗುತ್ತೆ. ಆಪರೇಷನ್ ಆಗದಿದ್ದವರೂ ಅಷ್ಟೇ, ದನಿ ಕಟ್ಟಿ ಮೂರು ವಾರ ದಾಟಿದರೆ ಕಷಾಯ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ ಕೇಳಿದವರು: ಮನೇಲಿ ಎಳನೀರಿನ ಸ್ಟ್ರಾ ಇದೆ, ಆಗುತ್ತಾ?

ಉತ್ತರ: ಆಗುತ್ತೆ. ಕಾಗದದ್ದಾದರೆ ಬೇಡ, ನಿಮ್ಮ ಷಡ್ಜ ನಿಲ್ಲೋದರೊಳಗೆ ಅದು ಮೆತ್ತಗಾಗುತ್ತೆ.