ಪದ ಬೇಕಿದೆ: ವೈಫೈ ಎಪಿಯ ‘ಪವರ್’ ಅಂದರೆ ಶಕ್ತಿಯೇ, ಸಾಮರ್ಥ್ಯವೇ, ಜೋರೇ?

ಎಲ್ಲರಿಗೂ ನಮಸ್ಕಾರ.

ಕಾಲೇಜಿನ ಲ್ಯಾಬ್ ಸಹಾಯಕರು, ಹಾಸ್ಟೆಲ್‌ಗಳಲ್ಲಿ ವೈಫೈ ನೋಡಿಕೊಳ್ಳುವವರು, ಇಂಥವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈಗ ಬಂದಿರುವುದು ಎಪಿಗಳ ಚಾನೆಲ್ ಮತ್ತು ಪವರನ್ನು ಕಂಟ್ರೋಲರ್ ತಾನೇ ಹೊಂದಿಸುವ ಅಧ್ಯಾಯಕ್ಕೆ. ಎಪಿ ಅಂದರೆ ಆಕ್ಸೆಸ್ ಪಾಯಿಂಟ್, ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆ. ಕಂಟ್ರೋಲರ್ ಅಂದರೆ ಆ ಎಪಿಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ. ವೈಫೈ ಉಪಕರಣ ಮಾಡುವ ಕಂಪನಿಗಳಲ್ಲಿ ಸಿಸ್ಕೊದವರು ಇದನ್ನು ಆರ್‌ಆರ್‌ಎಂ ಅನ್ನುತ್ತಾರೆ. ಅರುಬಾದಲ್ಲಿ ಮೊದಲು ಎಆರ್‌ಎಂ ಇತ್ತು, ಆಮೇಲೆ ಏರ್‌ಮ್ಯಾಚ್ ಬಂತು. ಹೆಸರು ಏನೇ ಇರಲಿ, ಯಾವ ಎಪಿ ಯಾವ ಚಾನೆಲ್‌ನಲ್ಲಿರಬೇಕು, ಎಷ್ಟು ಪವರ್‌ನಲ್ಲಿ ಸಿಗ್ನಲ್ ಬಿಡಬೇಕು ಅಂತ ಲೆಕ್ಕ ಹಾಕಿ ಆಗಾಗ ಬದಲಾಯಿಸುವುದು ಇದರ ಕೆಲಸ. ಚಾನೆಲ್‌ಗೆ ಪದ ಹೇಗೋ ಸಿಗುತ್ತದೆ. ಪವರ್‌ಗೆ ಮಾತ್ರ ಸಿಗುತ್ತಿಲ್ಲ. ಇಟ್ಟ ಪದವೆಲ್ಲ ಬೇರೆ ಇನ್ನೇನನ್ನೋ ಹೇಳುತ್ತದೆ, ಓದಿದವರು ತಿರುಗಾಮುರುಗಾ ಸೆಟಿಂಗ್ ಮಾಡುವ ಅಪಾಯ ನಿಜವಾಗಿಯೂ ಇದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ನಮ್ಮ ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಶಕ್ತಿ ಬೇರೆ, ಸಾಮರ್ಥ್ಯ ಬೇರೆ, ಬಲ ಬೇರೆ. ವ್ಯಾಟ್‌ನಲ್ಲಿ ಅಳೆಯುವುದಕ್ಕೆ ಅಲ್ಲಿ ಸಾಮರ್ಥ್ಯ ಅಂತಲೇ ಹೆಸರು. ಎಪಿಯ ಪವರ್ ಅಳೆಯುವುದೂ ಮಿಲಿವ್ಯಾಟ್‌ನಲ್ಲೇ, ಹಾಗಾಗಿ ಪುಸ್ತಕದ ಲೆಕ್ಕಕ್ಕೆ ‘ಪ್ರಸಾರ ಸಾಮರ್ಥ್ಯ’ ಸರಿಯಾದ ಪದ. ಆದರೆ ವೈಫೈ ವಿಷಯದಲ್ಲಿ ಸಾಮರ್ಥ್ಯ ಅಂದ ಕೂಡಲೇ ಜನಕ್ಕೆ ಹೊಳೆಯುವುದು ಎಷ್ಟು ಮಂದಿ ಒಟ್ಟಿಗೆ ಬಳಸಬಹುದು ಅನ್ನೋದು. ಈ ಸಭಾಂಗಣದ ಸಾಮರ್ಥ್ಯ 300 ಜನ ಅಂತೀವಲ್ಲ, ಅದೇ ಅರ್ಥ. ಕರಡಿನಲ್ಲಿ ‘ಎಪಿಗಳ ಸಾಮರ್ಥ್ಯ ಕಡಿಮೆ ಮಾಡಿ’ ಅಂತ ಬರೆದಿದ್ದನ್ನು ಓದಿದ ಒಬ್ಬರು, ಹಾಗೆ ಮಾಡಿದರೆ ಹುಡುಗರಿಗೆ ಕನೆಕ್ಷನ್ ಸಿಗೋದು ಕಮ್ಮಿ ಆಗಲ್ವಾ ಸಾರ್ ಅಂತ ಕೇಳಿದರು. ಪ್ರಶ್ನೆ ಸಹಜವಾದದ್ದೇ.

ವಿಚಿತ್ರ ಅಂದರೆ ಇಲ್ಲಿ ನಡೆಯುವುದು ಅದಕ್ಕೆ ಪೂರ್ತಿ ಉಲ್ಟಾ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಅಂದರೆ 1, 6, 11, ಮೂರೇ ಮೂರು. ಒಂದು ಹಾಸ್ಟೆಲ್‌ನಲ್ಲಿ ಹತ್ತಾರು ಎಪಿ ಇದ್ದರೆ ಒಂದೇ ಚಾನೆಲ್ ಹಲವು ಎಪಿಗಳಿಗೆ ಬಂದೇ ಬರುತ್ತದೆ. ಒಂದೇ ಚಾನೆಲ್‌ನಲ್ಲಿರುವ ಎಪಿಗಳಿಗೆ ಪರಸ್ಪರ ದನಿ ಕೇಳಿಸಿದರೆ, ಒಂದು ಮಾತಾಡುವಾಗ ಇನ್ನೊಂದು ಕಾಯಬೇಕು, ಅದು ವೈಫೈನ ಮೂಲ ನಿಯಮ. ಪವರ್ ಕಡಿಮೆ ಮಾಡಿದರೆ ಒಂದರ ದನಿ ಇನ್ನೊಂದಕ್ಕೆ ಕೇಳಿಸುವುದು ತಪ್ಪುತ್ತದೆ, ಕಾಯುವುದು ತಪ್ಪುತ್ತದೆ, ಒಟ್ಟು ನೆಟ್‌ವರ್ಕ್‌ಗೆ ಜಾಸ್ತಿ ಜನ ಹಿಡಿಸುತ್ತಾರೆ. ಅಂದರೆ ಒಂದು ಅರ್ಥದ ಸಾಮರ್ಥ್ಯ ಇಳಿಸಿದರೆ ಇನ್ನೊಂದು ಅರ್ಥದ ಸಾಮರ್ಥ್ಯ ಏರುತ್ತದೆ. ಇಂಥ ಕಡೆ ಎರಡಕ್ಕೂ ಒಂದೇ ಪದ ಇಡಲು ಆಗುವುದಿಲ್ಲ.

ಶಕ್ತಿ ಅಂತ ಬರೆದರೆ? ಪುಸ್ತಕದ ಲೆಕ್ಕಕ್ಕೆ ತಪ್ಪು. ಆದರೆ ಆಡುಮಾತಿನಲ್ಲಿ ‘ಈ ಮೋಟಾರಿಗೆ ಶಕ್ತಿ ಸಾಲದು’ ಅನ್ನುತ್ತೇವೆ, ಅಲ್ಲಿ ಯಾರೂ ಜೂಲ್, ವ್ಯಾಟ್ ಲೆಕ್ಕ ಹಾಕುವುದಿಲ್ಲ. ಅಷ್ಟೇ ಆಗಿದ್ದರೆ ನಾನು ಒಪ್ಪಿಬಿಡುತ್ತಿದ್ದೆ. ತೊಂದರೆ ಏನಂದರೆ ಶಕ್ತಿ ಕಡಿಮೆ ಮಾಡಿದ ಎಪಿ ಅಂದರೆ ದುರ್ಬಲ ಎಪಿ, ಕೆಲಸಕ್ಕೆ ಬಾರದ ಎಪಿ ಅನ್ನುವ ಭಾವನೆ ಬರುತ್ತದೆ. ಹಾಗಾಗಿ ಎಲ್ಲವನ್ನೂ ಪೂರ್ತಿ ಪವರ್‌ಗೆ ಇಟ್ಟುಬಿಡುತ್ತಾರೆ. ಹಾಳಾಗುವುದು ಅಲ್ಲೇ.

ವಿದ್ಯುತ್ ಅನ್ನೋದಂತೂ ಬೇಡವೇ ಬೇಡ. ಅದೇ ಅಧ್ಯಾಯದಲ್ಲಿ ನಿಜವಾದ ಕರೆಂಟಿನ ವಿಷಯವೂ ಇದೆ. ಎಪಿಗೆ ಕರೆಂಟ್ ಬರುವುದು ಲ್ಯಾನ್ ಕೇಬಲ್‌ನಲ್ಲೇ, ಪಿಒಇ ಮೂಲಕ. ಹಳೆಯ ಪಿಒಇ ಆದರೆ ಸ್ವಿಚ್ ಒಂದು ಪೋರ್ಟಿಗೆ 15.4 ವ್ಯಾಟ್ ಕೊಡುತ್ತದೆ, ಪಿಒಇ ಪ್ಲಸ್ ಆದರೆ 30 ವ್ಯಾಟ್. ಎಪಿ ಆಂಟೆನಾಕ್ಕೆ ಕಳಿಸುವುದು 100 ಮಿಲಿವ್ಯಾಟ್ ಸುಮಾರಿನದು. ಎರಡಕ್ಕೂ ಇಂಗ್ಲಿಷ್‌ನಲ್ಲಿ ಪವರ್ ಅಂತಲೇ ಹೆಸರು, ಮೆನುವಿನಲ್ಲಿ ಅಕ್ಕಪಕ್ಕವೇ ಇರುತ್ತವೆ. ‘ಸ್ವಯಂಚಾಲಿತ ವಿದ್ಯುತ್ ನಿರ್ವಹಣೆ’ ಅಂತ ಪದಕ್ಕೆ ಪದ ಇಟ್ಟರೆ ಓದಿದವರು ಇದು ಕರೆಂಟ್ ಬಿಲ್ ಉಳಿಸುವ ಸೌಲಭ್ಯ ಅಂದುಕೊಳ್ಳುತ್ತಾರೆ.

ಇನ್ನು ಬಲ. ‘ಸಿಗ್ನಲ್ ಬಲ’ ಅಂತ ಈಗಾಗಲೇ ಕೆಲವರು ಬರೆಯುತ್ತಾರೆ. ಚೆನ್ನಾಗಿದೆ, ಆದರೆ ಅದು ಫೋನಿಗೆ ಬಂದು ಮುಟ್ಟಿದ ಸಿಗ್ನಲ್‌ನ ಅಳತೆ, −67 ಡಿಬಿಎಂ, −80 ಡಿಬಿಎಂ ಅಂತ ಬರುತ್ತಲ್ಲ, ಅದು. (ಡಿಬಿಎಂ ಅನ್ನೋದು ಸಿಗ್ನಲ್ ಪವರ್‌ನ ಅಳತೆ, −80ಕ್ಕಿಂತ −67 ಹೆಚ್ಚು.) ಎಪಿ ಕಳಿಸಿದ್ದು ಬೇರೆ, ಫೋನಿಗೆ ಮುಟ್ಟಿದ್ದು ಬೇರೆ. ಈ ಎರಡನ್ನೂ ಬೇರೆ ಬೇರೆ ಪದಗಳಲ್ಲಿ ಇಡಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಾಕಂದರೆ ಪವರ್ ಹೊಂದಿಸುವ ಲೆಕ್ಕವೆಲ್ಲ ಈ ಎರಡರ ನಡುವಿನ ಸಂಬಂಧದ ಮೇಲೇ ನಿಂತಿದೆ. ಮದುವೆ ಛತ್ರದಲ್ಲಿ ಮೈಕ್ ಹಿಡಿದವರ ಮಾತು ಕೊನೆಯ ಸಾಲಿಗೂ ಕೇಳುತ್ತದೆ, ಕೊನೆಯ ಸಾಲಿನವರು ಮೈಕ್ ಇಲ್ಲದೆ ಉತ್ತರ ಕೊಟ್ಟರೆ ವೇದಿಕೆಗೆ ಕೇಳುವುದಿಲ್ಲ. ಎಪಿಯ ಪವರ್ ತುಂಬಾ ಇಟ್ಟಾಗ ಆಗುವುದೂ ಅದೇ. ಫೋನಿನಲ್ಲಿ ಗೀಟು ಪೂರ್ತಿ ತೋರಿಸುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ, ಏಕೆಂದರೆ ಫೋನಿನ ರೇಡಿಯೊ ಚಿಕ್ಕದು, ಅದರ ಉತ್ತರ ಎಪಿಗೆ ಸರಿಯಾಗಿ ತಲುಪುತ್ತಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ನನಗೆ ಹೊಳೆದ ಪದ ‘ಜೋರು’. ಫಾರಸಿಯ ಜೋರ್ ನಮ್ಮಲ್ಲಿಗೆ ಬಂದು ಜೋರು ಆಯಿತು, ಅಲ್ಲಿ ಅದರ ಅರ್ಥವೂ ಬಲ, ಶಕ್ತಿ ಅಂತಲೇ. ಕನ್ನಡದಲ್ಲಿ ಅದು ಇನ್ನೂ ಚೆನ್ನಾಗಿ ಒಗ್ಗಿದೆ. ಫ್ಯಾನ್ ಜೋರು ಮಾಡು, ಟಿವಿ ಜೋರು ಮಾಡು, ಉರಿ ಜೋರಾಯ್ತು, ಮಳೆ ಜೋರಾಗಿದೆ. ಎದುರು ಪದ ‘ಸಣ್ಣ’. ಉರಿ ಸಣ್ಣ ಮಾಡು, ಸೌಂಡ್ ಸಣ್ಣ ಮಾಡು. ಹೊರಗೆ ಹೊಮ್ಮುವ ಯಾವುದನ್ನೇ ಹೆಚ್ಚು ಕಡಿಮೆ ಮಾಡುವಾಗಲೂ ನಮ್ಮ ಬಾಯಲ್ಲಿ ಬರುವ ಜೋಡಿ ಇದು. ಎಪಿಯಿಂದ ಹೊಮ್ಮುವ ಸಿಗ್ನಲ್‌ಗೂ ಸರಿಯಾಗಿ ಕೂರುತ್ತದೆ. ‘ಎಪಿಯನ್ನು ಸ್ವಲ್ಪ ಸಣ್ಣ ಮಾಡಿ’ ಅಂದರೆ ದುರ್ಬಲ ಅನ್ನುವ ಭಾವ ಬರುವುದಿಲ್ಲ, ಬೇಕಾದಷ್ಟಕ್ಕೆ ಇಟ್ಟುಕೊಂಡಿದ್ದೇವೆ ಅನ್ನುವ ಭಾವ ಬರುತ್ತದೆ.

ತೊಡಕು ಇಲ್ಲದಿಲ್ಲ. ಕರಾವಳಿ, ಮಲೆನಾಡಿನ ಕಡೆ ಜೋರು ಮಾಡುವುದು ಅಂದರೆ ಗದರುವುದು. ಮೇಷ್ಟ್ರು ಜೋರು ಮಾಡಿದರು ಅಂತಾರಲ್ಲ. ಅಲ್ಲಿ ವಿಭಕ್ತಿ ಬೇರೆ, ಮಗುವಿಗೆ ಜೋರು ಮಾಡುತ್ತಾರೆ, ಫ್ಯಾನನ್ನು ಜೋರು ಮಾಡುತ್ತಾರೆ, ಆದ್ದರಿಂದ ಗೊಂದಲ ಆಗದು ಅಂತ ನನ್ನ ಅಂದಾಜು. ‘ಸಣ್ಣ’ದ್ದು ಬೇರೆ ತೊಡಕು. ಚಾನೆಲ್‌ಗೆ ಅಗಲವೂ ಇದೆ, 20, 40, 80 ಮೆಗಾಹರ್ಟ್ಸ್ ಅಂತ. ‘ಚಾನೆಲ್ ಸಣ್ಣ ಮಾಡಿ’ ಅಂದರೆ ಅಗಲ ಕಿರಿದು ಮಾಡಿ ಅಂತಲೇ ಅರ್ಥವಾಗುತ್ತದೆ. ಅದಕ್ಕೆ ಅಗಲಕ್ಕೆ ‘ಕಿರಿದು’, ಪವರ್‌ಗೆ ಮಾತ್ರ ‘ಸಣ್ಣ’ ಅಂತ ಕಟ್ಟುನಿಟ್ಟು ಮಾಡಿಕೊಳ್ಳಬೇಕು.

ಹೆಚ್ಚಿಸು, ಕಡಿಮೆ ಮಾಡು ಅಂತ ಬರೆದರೆ ಸಾಲದೇ ಅಂತ ಕೇಳಬಹುದು. ಸಾಲದು. ಸಿಸ್ಕೊದಲ್ಲಿ ಪವರ್‌ಗೆ ಮಟ್ಟಗಳಿವೆ, ಮಟ್ಟ 1 ಅಂದರೆ ಅತಿ ಹೆಚ್ಚು ಪವರ್. ಒಂದೊಂದು ಮಟ್ಟಕ್ಕೂ ಪವರ್ ಅರ್ಧ ಆಗುತ್ತಾ ಹೋಗುತ್ತದೆ. ಮಟ್ಟ 1 ಅನ್ನೋದು 100 ಮಿಲಿವ್ಯಾಟ್, ಅಂದರೆ 20 ಡಿಬಿಎಂ ಆಗಿದ್ದರೆ, 2 ಅಂದರೆ 50, 3 ಅಂದರೆ 25. ‘ಪವರ್ ಮಟ್ಟ ಹೆಚ್ಚಿಸಿ’ ಅಂತ ಬರೆದರೆ 2 ಇದ್ದದ್ದನ್ನು 3 ಮಾಡುವವರು ಖಂಡಿತ ಇರುತ್ತಾರೆ, ತಪ್ಪು ಅವರದ್ದಲ್ಲ. ಮೈನಸ್ ಸಂಖ್ಯೆಗಳಲ್ಲೂ ಇದೇ ಗೋಳು. ಪವರ್ ಲೆಕ್ಕಕ್ಕೆ ಅಲ್ಲಿ ಮೊದಲಿಂದಲೇ −70 ಡಿಬಿಎಂ ಅಂತ ಇಟ್ಟಿರುತ್ತಾರೆ. ಒಂದು ಎಪಿಯ ಸಿಗ್ನಲ್ ಅಕ್ಕಪಕ್ಕದ ಎಪಿಗಳಲ್ಲಿ ಮೂರನೇ ಹೆಚ್ಚು ಜೋರಾಗಿ ಕೇಳುವ ಕಡೆ ಎಷ್ಟಿದೆ ಅಂತ ನೋಡಿ, ಅದು ಆ ಅಂಕಿಯ ಸುತ್ತ ಬರುವಂತೆ ಪವರ್ ಹೊಂದಿಸುತ್ತದೆ. ಈ −70 ಅನ್ನು −65 ಮಾಡಿದರೆ ಎಪಿಗಳು ಜೋರಾಗುತ್ತವೆ, −75 ಮಾಡಿದರೆ ಸಣ್ಣ ಆಗುತ್ತವೆ. ಈ ಅಂಕಿಗೆ ಇಂಗ್ಲಿಷ್‌ನಲ್ಲಿ ಥ್ರೆಶೋಲ್ಡ್ ಅನ್ನುತ್ತಾರೆ, ಅಂದರೆ ಹೊಸ್ತಿಲು. ‘ಹೊಸ್ತಿಲನ್ನು ಹೆಚ್ಚಿಸಿ’ ಅಂದಾಗ ಯಾವ ಕಡೆ ಹೋಗಬೇಕು ಅಂತ ಗಣಿತ ಬಲ್ಲವರೂ ಒಂದು ಕ್ಷಣ ನಿಲ್ಲುತ್ತಾರೆ. ‘ಎಪಿಗಳು ಜೋರಾಗಬೇಕಾದರೆ −65ಕ್ಕೆ ತನ್ನಿ’ ಅಂದರೆ ಅನುಮಾನವೇ ಇಲ್ಲ. ಅಂದಹಾಗೆ ಹೊಸ್ತಿಲು ಅನ್ನುವ ಪದ ನನಗೆ ಇಷ್ಟ, ಆದರೆ ಇಲ್ಲಿ ಅದು ದಾಟುವ ಗೆರೆ ಅಲ್ಲ, ಮುಟ್ಟಲು ನೋಡುವ ಅಂಕಿ. ‘ಗುರಿ ಅಂಕಿ’ ಅನ್ನಬಹುದೇ?

ಚಾನೆಲ್ ವಿಷಯ ಬೇಗ ಮುಗಿಸುತ್ತೇನೆ. ವಾಹಿನಿ ಅಂದರೆ ಟಿವಿ, ಅದನ್ನು ಬದಲಾಯಿಸಲು ಆಗದು. ತರಂಗಾಂತರ ಅನ್ನುವುದು ಮೊದಲು ಅಲೆಯ ಉದ್ದಕ್ಕೆ ಇದ್ದ ಪದ, ಈಗ ಪತ್ರಿಕೆಗಳಲ್ಲಿ ಹರಾಜಿಗೆ ಬರುವ ಸ್ಪೆಕ್ಟ್ರಮ್‌ಗೆ ಅಂಟಿಕೊಂಡಿದೆ. 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಪರವಾನಗಿ ಇಲ್ಲದೆ ಬಳಸಲು ಬಿಟ್ಟಿತಲ್ಲ, ಅಂಥ ವಿಷಯ ಬರೆಯುವಾಗ ಆ ಪದ ಸರಿ. 36, 40, 149 ಅಂತ ನಂಬರ್ ಇರುವುದಕ್ಕೆ ಚಾನೆಲ್ ಅನ್ನುವುದೇ ಸಾಕು, ಅದು ಕನ್ನಡವೇ ಆಗಿಹೋಗಿದೆ.

ಅಡಚಣೆಯ ಪದಗಳಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ. ವ್ಯತಿಕರಣ ಅನ್ನೋದು ಬೆಳಕಿನ ಪಾಠದ್ದು, ಹಸ್ತಕ್ಷೇಪ ಅನ್ನೋದು ರಾಜಕೀಯದ್ದು. ಎರಡೂ ಬೇಡ. ಇಲ್ಲಿ ಬೇಕಿರುವುದು ಎರಡು ಬೇರೆ ಪದ. ಎರಡು ಎಪಿ ಚಾನೆಲ್ 1ರಲ್ಲೇ ಇದ್ದರೆ ಅವು ಒಂದರ ಮಾತು ಒಂದು ಕೇಳಿ ಸರದಿಯಲ್ಲಿ ಮಾತಾಡುತ್ತವೆ, ನಿಧಾನ ಆಗುತ್ತದೆ ಅಷ್ಟೇ. ಒಂದು 1ರಲ್ಲಿ, ಇನ್ನೊಂದು 3ರಲ್ಲಿ ಇದ್ದರೆ ಒಂದರ ಮಾತು ಇನ್ನೊಂದಕ್ಕೆ ಬರೀ ಗದ್ದಲ, ಸರದಿಯೂ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ಮೊದಲನೆಯದಕ್ಕೆ ‘ಸರದಿ ಕಾಯುವಿಕೆ’, ಎರಡನೆಯದಕ್ಕೆ ‘ಪಕ್ಕದ ಗದ್ದಲ’ ಅಂತ ಇಟ್ಟಿದ್ದೇನೆ. ಇದಕ್ಕಿಂತ ಚಿಕ್ಕ ಪದ ಸಿಕ್ಕರೆ ಒಳ್ಳೆಯದು.

ಇನ್ನೊಂದು ಸೆಟಿಂಗ್ ಇದೆ, ಚಾನೆಲ್ ಬದಲಾಯಿಸಲು ಕಂಟ್ರೋಲರ್ ಎಷ್ಟು ಸಿದ್ಧವಾಗಿರಬೇಕು ಅನ್ನೋದು. ಸೆನ್ಸಿಟಿವಿಟಿ ಅನ್ನುವ ಇಂಗ್ಲಿಷ್ ಪದವನ್ನೇ ಹಿಡಿದು ಹೋದರೆ ‘ಸಂವೇದನೆ: ಹೆಚ್ಚು, ಮಧ್ಯಮ, ಕಡಿಮೆ’ ಅಂತ ಆಗುತ್ತದೆ, ಯಾರಿಗೂ ಏನೂ ತಿಳಿಯದು. ಸಿಸ್ಕೊದ 5 ಗಿಗಾಹರ್ಟ್ಸ್ ಲೆಕ್ಕದಲ್ಲಿ ಹೆಚ್ಚು ಅಂದರೆ 5 ಡೆಸಿಬೆಲ್ ಲಾಭ ಕಂಡರೂ ಚಾನೆಲ್ ಬದಲಾಯಿಸುತ್ತದೆ, ಕಡಿಮೆ ಅಂದರೆ 20 ಡೆಸಿಬೆಲ್ ಲಾಭ ಕಾಣುವ ತನಕ ಅಲ್ಲಾಡುವುದಿಲ್ಲ. ಈ ಲೆಕ್ಕ ಅಲ್ಲಿ ತಾನಾಗಿ 10 ನಿಮಿಷಕ್ಕೊಮ್ಮೆ ನಡೆಯುತ್ತದೆ. ಏರ್‌ಮ್ಯಾಚ್ ದಿನಕ್ಕೊಮ್ಮೆ ಬೆಳಗಿನ ಜಾವ 5 ಗಂಟೆಗೆ ಮಾಡುತ್ತದೆ, ಅದು ನನಗೆ ಹೆಚ್ಚು ಒಪ್ಪಿಗೆ, ಆನ್‌ಲೈನ್ ಪರೀಕ್ಷೆ ನಡೆಯುವಾಗ ಚಾನೆಲ್ ಬದಲಾದರೆ ಹುಡುಗರಿಗೆ ತೊಂದರೆ. ಈ ಸೆಟಿಂಗ್‌ಗೆ ನಾನು ಇಟ್ಟಿರುವ ಪದ ‘ಆತುರ’. ಆತುರ ಹೆಚ್ಚು, ಆತುರ ಕಡಿಮೆ. ‘ಹಗಲು ಆತುರ ಕಡಿಮೆ ಇಡಿ’ ಅಂದರೆ ಯಾರಿಗಾದರೂ ತಿಳಿಯುತ್ತದೆ ಅಂತ ನನಗನಿಸುತ್ತದೆ.

ರೇಡಾರ್ ಕಂಡಾಗ ಚಾನೆಲ್ ಬಿಡುವ ಡಿಎಫ್‌ಎಸ್‌ಗೆ ಪದ ಹುಡುಕಲು ಹೋಗಿಲ್ಲ. ಅಮೆರಿಕ, ಯುರೋಪಿನ ನಿಯಮಗಳಲ್ಲಿ ಇರುವಂತೆ ರೇಡಾರ್ ಕಂಡ 10 ಸೆಕೆಂಡಿನೊಳಗೆ ಚಾನೆಲ್ ಖಾಲಿ ಮಾಡಬೇಕು, 30 ನಿಮಿಷ ಮತ್ತೆ ಅಲ್ಲಿಗೆ ಹೋಗಬಾರದು. ‘ರೇಡಾರ್‌ಗೆ ಜಾಗ ಬಿಡುವುದು’ ಅಂತ ಬಿಡಿಸಿ ಬರೆದಿದ್ದೇನೆ, ಸಾಕು ಅನಿಸುತ್ತದೆ. ಹಾಗೆಯೇ ಸಿಗ್ನಲ್ ಸಿಗದ ಜಾಗಕ್ಕೆ ‘ವ್ಯಾಪ್ತಿ ರಂಧ್ರ’ ಅನ್ನುವುದಕ್ಕಿಂತ ‘ಸಿಗ್ನಲ್ ಸಿಗದ ಮೂಲೆ’ ಎಷ್ಟೋ ವಾಸಿ.

ಈಗ ನಿಮ್ಮಿಂದ ಬೇಕಾದದ್ದು ಇಷ್ಟು. ಕಲಬುರಗಿ, ಬೀದರ್, ವಿಜಯಪುರದ ಕಡೆಯವರು ಸೌಂಡ್, ಉರಿ ಇಳಿಸುವಾಗ ‘ಸಣ್ಣ ಮಾಡು’ ಅನ್ನುತ್ತೀರಾ, ಬೇರೆ ಪದ ಇದೆಯಾ? ಮಂಗಳೂರು, ಉಡುಪಿ, ಶಿವಮೊಗ್ಗದವರು ‘ಎಪಿಯನ್ನು ಜೋರು ಮಾಡಿ’ ಅಂತ ಓದಿದರೆ ಮುಜುಗರ ಆಗುತ್ತದಾ? ಮತ್ತೆ ಶೀರ್ಷಿಕೆಗೆ ಒಂದು ನಾಮಪದ ಬೇಕು. ‘ಜೋರು’ ಅನ್ನೋದು ಹೇಗೆ ಮಾಡಿ ಅನ್ನೋದಕ್ಕೆ ಹೊಂದುತ್ತದೆ, ಶೀರ್ಷಿಕೆಯಾಗಿ ಒಂಟಿಯಾಗಿ ನಿಲ್ಲುವುದಿಲ್ಲ. ‘ಎಪಿಗಳ ಚಾನೆಲ್ ಮತ್ತು ಜೋರು ತಾನಾಗಿ ಹೊಂದುವಂತೆ ಮಾಡುವುದು’ ಅಂತ ಇಡಲೇ, ಅಥವಾ ಶೀರ್ಷಿಕೆಯಲ್ಲಿ ‘ಸಿಗ್ನಲ್ ಪವರ್’ ಅಂತಲೇ ಬಿಟ್ಟು ಒಳಗೆ ಮಾತ್ರ ಜೋರು, ಸಣ್ಣ ಬಳಸಲೇ? ನನ್ನ ಒಲವು ಎರಡನೆಯದರ ಕಡೆ. ಈ ಅಧ್ಯಾಯ ಮುಂದಿನ ತಿಂಗಳು ಅಚ್ಚಿಗೆ ಹೋಗಬೇಕು, ಅಷ್ಟರೊಳಗೆ ಬರೆಯಿರಿ.